ಇಟ್ಟುದೆಷ್ಟು, ಬಿಟ್ಟುದೆಷ್ಟು

ಮನುಷ್ಯನು ದಿನವಹಿ ಮಾಡುವ ಆಯ್ಕೆಗಳಲ್ಲಿ ಬಹುಪಾಲು ಅವನಿಗೆ ಆಯ್ಕೆಗಳೆಂದು ತೋರುವುದೇ ಇಲ್ಲ. ಪತ್ರ ಬರೆಯಲು ಕುಳಿತವನು ಮೊದಲು ಕಾಗದವನ್ನು ಕೈಗೆತ್ತಿಕೊಳ್ಳುತ್ತಾನೆ. ಅದು ಕಾರ್ಡಾದರೆ ಕ್ಷೇಮಸಮಾಚಾರದ ಆಚೆಗೆ ಹೋಗಲು ಜಾಗವಿಲ್ಲ. ನಾಲ್ಕು ಮಡಿಕೆಯ ಹಾಳೆಯಾದರೆ ಹಳೆಯ ಜಗಳವನ್ನೂ ಹೊಸದು ಮಾಡಬಹುದು. ಏನು ಬರೆಯಬೇಕೆಂಬ ವಿಚಾರ ಮನಸ್ಸಿಗೆ ಬರುವುದಕ್ಕೆ ಮುಂಚೆ ಎಷ್ಟು ಬರೆಯಬಹುದೆಂಬುದು ತೀರ್ಮಾನವಾಗಿ ಹೋಗಿರುತ್ತದೆ. ಆಮೇಲೆ ಪತ್ರ ಚಿಕ್ಕದಾಯಿತೆಂದು ಯಾರಾದರೂ ಆಕ್ಷೇಪಿಸಿದರೆ ನಾವು ಕಾಗದದ ಮೇಲೆ ಹೊರೆ ಹೊರಿಸಿ ನಿಶ್ಚಿಂತರಾಗುತ್ತೇವೆ. ಕಾಗದವನ್ನು ಆರಿಸಿದವರು ನಾವೇ ಎಂಬುದನ್ನು ನೆನೆಯುವುದಿಲ್ಲ.

ಈ ವಿಚಾರವನ್ನು ನನ್ನ ತಲೆಗೆ ಹೊಗಿಸಿದ್ದು ಅಂಗೈಯಲ್ಲಿ ಹಿಡಿಯುವ ಒಂದು ಡಿಜಿಟಲ್ ಕ್ಯಾಮರ. ಇಂಥ ಕ್ಯಾಮರಗಳ ಸುಗ್ಗಿಯ ಕಾಲ ಮುಗಿದುಹೋಗಿದೆ. 2008ರ ಸುಮಾರಿನಲ್ಲಿ ವರ್ಷಕ್ಕೆ ಹತ್ತು ಕೋಟಿಗೂ ಮಿಕ್ಕಿ ಲೋಕಕ್ಕೆ ಹರಿದುಬರುತ್ತಿದ್ದ ಈ ಪುಟ್ಟ ಯಂತ್ರಗಳ ಜಾಗದಲ್ಲಿ ಈಗ ಕೈಫೋನುಗಳು ಕುಳಿತಿವೆ. ಆದರೂ ಕಾಲೇಜುಗಳ ಬೀರುಗಳಲ್ಲಿ, ಮದುವೆಯ ಸಂಭ್ರಮ ಕಂಡು ಆಮೇಲೆ ಮರೆತುಹೋದ ಮನೆಗಳ ಟ್ರಂಕುಗಳಲ್ಲಿ ಅವು ಇನ್ನೂ ಇವೆ. ನಮ್ಮ ವಿಭಾಗದ ಬೀರುವಿನಲ್ಲಿಯೂ ಒಂದಿದೆ. ಜಾನಪದ ಸಂಗ್ರಹಕ್ಕೆಂದು ಹುಡುಗರು ಹಳ್ಳಿಗಳಿಗೆ ಹೊರಟಾಗ ಅದು ಅವರ ಜೊತೆ ಹೊರಡುತ್ತದೆ.

ಅದರ ಬೆನ್ನಿನ ಮೇಲೆ ಒಂದು ಗುಂಡಿ. ಒತ್ತಿದರೆ ಒಂದು ಮೆನು. ಚಿತ್ರದ ಅಳತೆ ಎಷ್ಟು? ಗುಣಮಟ್ಟ ಯಾವುದು? ಸೆಕೆಂಡಿಗೆ ಎಷ್ಟು ಚಿತ್ರ? ಧ್ವನಿಯ ಮಟ್ಟ ಎಷ್ಟು? ಗಾಳಿಯ ಸದ್ದನ್ನು ತಡೆಯಬೇಕೆ, ಬೇಡವೆ? ಬೆಳಕಿನ ಬಣ್ಣ ಯಾವುದು? ತಾರೀಕು ಹಾಕಬೇಕೆ? ಗಾಣಕ್ಕೆ ಕಟ್ಟಿದ ಎತ್ತಿಗೂ ಇಷ್ಟು ಪ್ರಶ್ನೆ ಕೇಳುವವರಿಲ್ಲ. ಇವಕ್ಕೆಲ್ಲ ಉತ್ತರ ಕೊಡುವ ತಾಳ್ಮೆಯಿಲ್ಲದವರಿಗೆ ಯಂತ್ರವೇ ಒಂದು ದಯೆ ತೋರಿಸಿದೆ. ಮೆನುವಿನ ಮೇಲ್ತುದಿಯಲ್ಲಿ ‘ಆಟೋ’ ಎಂಬ ಒಂದು ಮಾತಿದೆ. ಅದನ್ನು ಆರಿಸಿಬಿಟ್ಟರೆ ಎಲ್ಲವೂ ತಾನಾಗಿ ನಡೆಯುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಆರಿಸುವುದು ಅದನ್ನೇ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಇದರಲ್ಲಿ ಧರ್ಮಾಧರ್ಮದ ಪ್ರಶ್ನೆ ಎಲ್ಲಿಂದ ಬಂತು ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ಹೇಳಬೇಕಾದರೆ ಯಂತ್ರದ ಹೊಟ್ಟೆಯೊಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು.

ಚಲಿಸುವ ಚಿತ್ರವನ್ನು ಪೂರ್ಣ ಅಳತೆಯಲ್ಲಿ ಹಿಡಿಯುವಾಗ ಒಂದೊಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಚುಕ್ಕೆಗೆ ಮೂರು ಬೈಟಿನಂತೆ, ಸೆಕೆಂಡಿಗೆ 25 ಚಿತ್ರಗಳಂತೆ ಲೆಕ್ಕ ಹಾಕಿದರೆ ಒಂದು ಸೆಕೆಂಡಿಗೆ ಸುಮಾರು 155 ಮೆಗಾಬೈಟ್ ಆಗುತ್ತದೆ. ಇಷ್ಟನ್ನು ಉಗುರಗಲದ ಕಾರ್ಡಿನಲ್ಲಿ ತುಂಬುವುದು ಆಗದ ಮಾತು. ಆದುದರಿಂದ ಯಂತ್ರ ಹಿಂಡುತ್ತದೆ. ಗುಣಮಟ್ಟವನ್ನು ‘ಅತ್ಯುತ್ತಮ’ ಎಂದು ಇಟ್ಟರೂ ಕಾರ್ಡನ್ನು ಸೇರುವುದು ಸೆಕೆಂಡಿಗೆ ಮೂರು ಮೆಗಾಬೈಟಿನ ಆಸುಪಾಸು. ಅಂದರೆ ಐವತ್ತರಲ್ಲಿ ಒಂದು ಪಾಲು. ಉಳಿದ ನಲವತ್ತೊಂಬತ್ತು ಪಾಲನ್ನು ಯಂತ್ರ ಕಣ್ಣಿಗೆ ಕಾಣದ ಹಾಗೆ ಬಿಟ್ಟುಕೊಟ್ಟಿರುತ್ತದೆ.

ಬಿಡುವುದರಲ್ಲಿಯೂ ಅದಕ್ಕೆ ಒಂದು ನೀತಿಯುಂಟು. ಮನುಷ್ಯನ ಕಣ್ಣಿಗೆ ಬೆಳಕಿನ ಏರಿಳಿತ ಚೆನ್ನಾಗಿ ಕಾಣುತ್ತದೆ, ಬಣ್ಣದ ಏರಿಳಿತ ಅಷ್ಟಾಗಿ ಕಾಣದು. ಆದಕಾರಣ ನಾಲ್ಕು ಚುಕ್ಕೆಗಳಿಗೆ ಬೆಳಕನ್ನು ಬೇರೆಬೇರೆಯಾಗಿ ಬರೆದಿಟ್ಟು, ಬಣ್ಣವನ್ನು ನಾಲ್ಕಕ್ಕೂ ಸೇರಿಸಿ ಒಂದೇ ಎಂದು ಬರೆಯುತ್ತದೆ. ಮೇಲಾಗಿ, ಒಂದು ಚಿತ್ರವನ್ನು ಪೂರ್ತಿಯಾಗಿ ಬರೆದ ಮೇಲೆ ಮುಂದಿನ ಹಲವು ಚಿತ್ರಗಳಲ್ಲಿ ಬದಲಾದದ್ದನ್ನು ಮಾತ್ರ ಬರೆದುಕೊಳ್ಳುತ್ತದೆ. ಗೋಡೆ ಗೋಡೆಯಾಗಿಯೇ ಇರುವಾಗ ಅದನ್ನು ಮತ್ತೆ ಮತ್ತೆ ಬರೆಯುವುದೇಕೆ? ಇದು ಜಾಣತನವೇ ಸರಿ. ಗೋಡೆಯ ಮುಂದೆ ನಿಂತು ಭಾಷಣ ಮಾಡುವ ಗಣ್ಯರಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಆದರೆ ಲೋಕವೆಲ್ಲ ಗೋಡೆ ಮತ್ತು ಗಣ್ಯರಿಂದ ಆದದ್ದಲ್ಲ.

ನಮ್ಮ ಸೀಮೆಯನ್ನೇ ನೋಡಿ. ಹಡಗಲಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಜಾತ್ರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ರೈತರು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಜಾತ್ರೆ ಅದು. ಈಗ ಟ್ರ್ಯಾಕ್ಟರು, ಬಸ್ಸುಗಳಲ್ಲಿ ಹೋಗುತ್ತಾರೆ. ಕರಿಯ ಕಂಬಳಿ ಹೊದ್ದ ಗೊರವಯ್ಯಗಳು, ಅವರ ಕೈಯ ಡಮರುಗ, ‘ಏಳುಕೋಟಿ’ಯ ಉದ್ಘೋಷ, ಗಾಳಿಯಲ್ಲೆಲ್ಲ ಭಂಡಾರದ ಅರಿಸಿನ ಪುಡಿ. ಯಂತ್ರದ ಲೆಕ್ಕದಲ್ಲಿ ಈ ಪುಡಿ ಎಂದರೆ ಸಣ್ಣ ಸಣ್ಣ ಚುಕ್ಕೆಗಳು. ಪ್ರತಿ ಚಿತ್ರದಲ್ಲಿಯೂ ಜಾಗ ಬದಲಿಸುವ, ಬೆಳಕಿಗಿಂತ ಬಣ್ಣದಲ್ಲಿಯೇ ತಮ್ಮ ಬದುಕನ್ನೆಲ್ಲ ಇಟ್ಟುಕೊಂಡಿರುವ ಚುಕ್ಕೆಗಳು. ಯಾವುದನ್ನು ಬಿಡಬಹುದೆಂದು ಯಂತ್ರಕ್ಕೆ ಕಲಿಸಿದ್ದಾರೋ ಅವೆಲ್ಲ ಭಂಡಾರದಲ್ಲಿ ಒಟ್ಟಾಗಿವೆ. ಬೊಗಸೆ ಬೊಗಸೆಯಾಗಿ ಅದು ಹಾರಿದ ಕ್ಷಣದಲ್ಲಿ ಚಿತ್ರದ ತುಂಬ ಚೌಕಚೌಕದ ಕಲೆಗಳು ಏಳುತ್ತವೆ. ಧೂಳು ಹೋಗಿ ಹೆಂಚು ಜೋಡಿಸಿದ ಹಾಗೆ ಆಗುತ್ತದೆ.

ಬಣ್ಣದ ಪಾಡೂ ಅಷ್ಟೆ. ಬೆಳಕಿನ ಬಣ್ಣವನ್ನು ತಾನೇ ಸರಿಪಡಿಸಿಕೊಳ್ಳುವಂತೆ ಯಂತ್ರಕ್ಕೆ ಬಿಟ್ಟರೆ ಅದು ನೋಟವನ್ನೆಲ್ಲ ಒಮ್ಮೆ ಅಳೆದು, ಎಲ್ಲೆಡೆಯೂ ಹಳದಿ ಹೆಚ್ಚಾಗಿದ್ದರೆ ‘ಇದು ದೀಪದ ದೋಷ’ ಎಂದು ಭಾವಿಸಿ ನೀಲಿಯನ್ನು ಬೆರೆಸಿ ತಿದ್ದುತ್ತದೆ. ಹಳದಿ ದೀಪದ ಕೆಳಗೆ ಕುಳಿತ ಕುಟುಂಬದ ಚಿತ್ರಕ್ಕೆ ಇದು ಉಪಕಾರ. ಅರಿಸಿನದಲ್ಲಿ ಮಿಂದ ಬಯಲಿಗೆ ಅಪಚಾರ. ಹಾಗೆಯೇ ಬೆಳಕನ್ನು ಅಳೆಯುವ ಭಾಗಕ್ಕೆ ಲೋಕವೆಲ್ಲ ಸರಾಸರಿಯಲ್ಲಿ ನಡುಬೂದಿ ಬಣ್ಣದ್ದು ಎಂಬ ನಂಬಿಕೆ. ಚೌಕಟ್ಟಿನ ತುಂಬ ಕರಿಯ ಕಂಬಳಿ ಬಂದರೆ ಅದು ಬೆಳಕು ಸಾಲದೆಂದು ಬಗೆದು ಕಂಬಳಿಯನ್ನು ಬೂದಿಯ ಬಣ್ಣಕ್ಕೆ ಎತ್ತುತ್ತದೆ. ಕುರಿಯ ಉಣ್ಣೆಯ ಅಚ್ಚಗಪ್ಪು ಮಾಸಿ, ಒಗೆದು ಒಗೆದು ಬಣ್ಣಗೆಟ್ಟ ಬಟ್ಟೆಯಂತೆ ಕಾಣುತ್ತದೆ.

ಆದರೆ ಇವೆಲ್ಲ ಕಣ್ಣಿನ ಮಾತು. ಕಿವಿಯ ಮಾತು ಇನ್ನೂ ಗಂಭೀರವಾದದ್ದು. ಮೈಲಾರದ ಜಾತ್ರೆಯ ತಿರುಳು ಕಾರಣಿಕ. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯ ಬಯಲಿನಲ್ಲಿ ಎತ್ತರವಾದ ಬಿಲ್ಲನ್ನು ಏರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಗಟ್ಟಲೆ ಜನ ಒಮ್ಮೆಲೆ ಮೌನವಾಗುತ್ತಾರೆ. ಆ ಮೌನದಲ್ಲಿ ಅವನ ಬಾಯಿಂದ ಒಂದು ಮಾತು, ಕೆಲವೇ ಶಬ್ದಗಳ ಒಂದು ನುಡಿ, ಹೊರಡುತ್ತದೆ. ನುಡಿದವನು ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಮಾತಿನ ಅರ್ಥವನ್ನು ರೈತರು ಮಳೆಬೆಳೆಗೆ ಹಚ್ಚುತ್ತಾರೆ. ರಾಜಕಾರಣಿಗಳು ಗದ್ದುಗೆಗೆ ಹಚ್ಚುತ್ತಾರೆ. ನಂಬುವುದು, ನಂಬದಿರುವುದು ಅವರವರ ಮನಸ್ಸು. ನಂಬದವನಿಗೂ ಆ ಮೌನ ಮೈನವಿರೇಳಿಸುವಂಥದು ಎಂಬುದನ್ನು ಮಾತ್ರ ಒಪ್ಪಬೇಕು.

ಇಂಥ ಕಡೆ ಕ್ಯಾಮರದ ಧ್ವನಿಯನ್ನು ‘ಆಟೋ’ ಎಂದು ಬಿಟ್ಟರೆ ಏನಾಗುತ್ತದೆ? ಸದ್ದು ಹೆಚ್ಚಿದಾಗ ಯಂತ್ರ ತನ್ನ ಕಿವಿಯನ್ನು ಮುದುರಿಕೊಳ್ಳುತ್ತದೆ. ಸದ್ದು ಇಳಿದಾಗ ಅರಳಿಸಿಕೊಳ್ಳುತ್ತದೆ. ಪಿಸುಮಾತೂ ಕೂಗೂ ಒಂದೇ ಮಟ್ಟದಲ್ಲಿ ಕೇಳಲೆಂದು ಮಾಡಿರುವ ಏರ್ಪಾಡು ಇದು. ಜನ ಕೂಗುತ್ತಿರುವ ತನಕ ಯಂತ್ರದ ಕಿವಿ ಮುದುರಿರುತ್ತದೆ. ಜನ ಮೌನವಾದೊಡನೆ ಅದು ಕಿವಿಯನ್ನು ಮೆಲ್ಲಮೆಲ್ಲನೆ ಅರಳಿಸುತ್ತ ಅರಳಿಸುತ್ತ ಹೋಗಿ, ಕೇಳಲು ಏನೂ ಸಿಕ್ಕದೆ, ತನ್ನ ಹೊಟ್ಟೆಯೊಳಗಿನ ‘ಸುಂಯ್’ ಎಂಬ ಸದ್ದನ್ನೇ ದೊಡ್ಡದು ಮಾಡಿ ಬರೆದಿಡುತ್ತದೆ. ಮನೆಗೆ ಬಂದು ಕೇಳಿದವನಿಗೆ ಮೌನ ಎಲ್ಲಿಯೂ ಸಿಕ್ಕುವುದಿಲ್ಲ. ಗದ್ದಲ, ಆಮೇಲೆ ಒಂದು ಬುಸುಗುಟ್ಟುವಿಕೆ, ಆಮೇಲೆ ಒಂದು ಮಾತು, ಮತ್ತೆ ಗದ್ದಲ. ಎಲ್ಲವೂ ಒಂದೇ ಎತ್ತರದಲ್ಲಿ. ಲಕ್ಷ ಜನರ ಕೂಗೂ ಒಬ್ಬನ ನುಡಿಯೂ ಸಮಸಮ. ಜಾತ್ರೆಯ ತಿರುಳಾಗಿದ್ದ ಆ ಹಠಾತ್ತಾದ ಇಳಿವು ಸಪಾಟಾಗಿ ಹೋಗಿರುತ್ತದೆ. ‘ಗಾಳಿ ತಡೆ’ಯನ್ನು ಹಾಕಿದರೆ ಗಾಳಿಯ ಜೊತೆಗೆ ಡೊಳ್ಳಿನ ತಗ್ಗಿನ ದನಿಯೂ ಹೋಗುತ್ತದೆ. ಎರಡೂ ತಗ್ಗು ಸ್ವರದ ಸದ್ದುಗಳಾದದ್ದರಿಂದ ಅವುಗಳಲ್ಲಿ ಗಾಳಿ ಯಾವುದು, ದೇವರ ವಾದ್ಯ ಯಾವುದು ಎಂದು ಯಂತ್ರ ಬಗೆಯಲಾರದು.

ಇನ್ನೊಂದು ಸೂಕ್ಷ್ಮವಿದೆ. ಧ್ವನಿಯನ್ನು ಡಿಜಿಟಲ್ ಯಂತ್ರ ಸೆಕೆಂಡಿಗೆ ಇಷ್ಟು ಸಲವೆಂದು ಮಾದರಿ ತೆಗೆದು ಬರೆಯುತ್ತದೆ. ಎಷ್ಟು ಮಾದರಿಯೋ ಅದರ ಅರ್ಧದಷ್ಟು ಎತ್ತರದ ಸ್ವರ ಮಾತ್ರ ಅದರಲ್ಲಿ ಉಳಿದೀತು ಎಂಬುದು ಗಣಿತದ ನಿಯಮ. ಹಳೆಯ ಸಣ್ಣ ಕ್ಯಾಮರಗಳಲ್ಲಿ ಸೆಕೆಂಡಿಗೆ ಸುಮಾರು 11 ಸಾವಿರ ಮಾದರಿ ತೆಗೆಯುವುದೂ ಉಂಟು. ಆಗ ಐದೂವರೆ ಸಾವಿರ ಕಂಪನಗಳಿಗಿಂತ ಮೇಲಿನದು ನಷ್ಟ. ಸ್ವರಾಕ್ಷರಗಳಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ, ಅವು ತಗ್ಗಿನಲ್ಲಿವೆ. ಆದರೆ ಸಕಾರದಂಥ ಊಷ್ಮಾಕ್ಷರಗಳ ಜೀವ ಇರುವುದೇ ಮೇಲೆ. ದೂರವಾಣಿಯಲ್ಲಿ ‘ಸ’ ಮತ್ತು ‘ಫ’ಗಳು ಒಂದರ ಹಾಗೆ ಇನ್ನೊಂದು ಕೇಳುವುದು ಇದೇ ಕಾರಣದಿಂದ. ಮಾತಿನ ನಾದವೆಲ್ಲ ಇದ್ದು, ಮಾತನ್ನು ಮಾತಿನಿಂದ ಬೇರ್ಪಡಿಸುವ ಅಂಚು ಮಾತ್ರ ಸವೆದಿರುತ್ತದೆ. ನಾಲ್ಕೈದು ಶಬ್ದಗಳ ನುಡಿಯೊಂದರ ಮೇಲೆ ಒಂದು ಸೀಮೆಯ ರೈತರು ವರ್ಷದ ಆಸೆಯನ್ನು ಕಟ್ಟಿಕೊಳ್ಳುವಾಗ ಒಂದು ಅಕ್ಷರದ ಅಂಚು ಸವೆಯುವುದು ಸಣ್ಣ ವಿಷಯವೆ? ‘ನನ್ನ ಹತ್ತಿರ ಪುರಾವೆ ಇದೆ’ ಎಂದು ಒಬ್ಬ ಕ್ಯಾಮರವನ್ನು ಮುಂದೆ ಹಿಡಿದಾಗ, ಆ ಪುರಾವೆ ಯಾವ ಸೆಟ್ಟಿಂಗಿನಲ್ಲಿ ಹುಟ್ಟಿತೆಂದು ಯಾರೂ ಕೇಳುವುದಿಲ್ಲ. ಬಾಯಿಂದ ಬಾಯಿಗೆ ಹೋದ ಮಾತಿನಲ್ಲಿ ಸಂದೇಹಕ್ಕೆ ಜಾಗವಿತ್ತು. ಯಂತ್ರದಿಂದ ಹೊರಟ ಮಾತಿಗೆ ಸಂದೇಹದ ರಕ್ಷಣೆಯೂ ಇಲ್ಲ.

ಇಲ್ಲಿ ಯಾರನ್ನು ದೂರೋಣ? ಯಂತ್ರವನ್ನು ಮಾಡಿದವರಲ್ಲಿ ಕೇಡಿನ ಬುದ್ಧಿ ಇರಲಿಲ್ಲ. ಹುಟ್ಟುಹಬ್ಬದ ಮೇಜು, ಕಡಲತೀರ, ಹಿಮ, ಸಂಜೆಯ ದೀಪದ ಕೋಣೆ ಇವನ್ನು ಕಣ್ಣಮುಂದೆ ಇಟ್ಟುಕೊಂಡು ಅವರು ‘ಆಟೋ’ ಎಂಬುದನ್ನು ಕಟ್ಟಿದರು. ಹಲವು ಕ್ಯಾಮರಗಳ ಮೆನುವಿನಲ್ಲಿ ಹಿಮಕ್ಕೆ, ಕಡಲತೀರಕ್ಕೆ, ಪಟಾಕಿಗೆ ಬೇರೆ ಬೇರೆ ಗುರುತುಗಳಿವೆ, ಭಂಡಾರಕ್ಕೆ ಇಲ್ಲ. ‘ತಾನಾಗಿ’ ಎಂಬ ಮಾತಿನ ನಿಜವಾದ ಅರ್ಥ ‘ಯಾರೋ ಮೊದಲೇ ನಿರ್ಧರಿಸಿದಂತೆ’ ಎಂದು. ಆ ಯಾರೋ ಒಬ್ಬರು ಮೈಲಾರವನ್ನು ಕಂಡಿರಲಿಲ್ಲ. ಅಷ್ಟೇ ಅವರ ತಪ್ಪು. ಕಂಡವರು ನಾವು. ಕಂಡೂ ಅವರ ನಿರ್ಧಾರಕ್ಕೆ ತಲೆಬಾಗಿಸಿದರೆ ಹೊಣೆ ಅವರಿಂದ ನಮಗೆ ದಾಟುತ್ತದೆ.

ಇದು ಹೊಸ ಸಂಗತಿಯೇನೂ ಅಲ್ಲ. ಗ್ರಾಮಾಫೋನಿನ ತಟ್ಟೆ ನಿಮಿಷಕ್ಕೆ 78 ಸುತ್ತು ಸುತ್ತುತ್ತಿದ್ದ ಕಾಲದಲ್ಲಿ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ಬೆಳೆಸಬೇಕಾದ ರಾಗವನ್ನು ಮಲ್ಲಿಕಾರ್ಜುನ ಮನಸೂರರೂ ಗಂಗೂಬಾಯಿ ಹಾನಗಲ್ಲರೂ ಆ ಮೂರು ನಿಮಿಷದೊಳಗೆ ಇಳಿಸಬೇಕಾಯಿತು. ಗಂಗೂಬಾಯಿಯವರ ಮೊದಮೊದಲಿನ ತಟ್ಟೆಗಳ ಮೇಲೆ ಅವರ ಹೆಸರು ಕೂಡ ‘ಗಾಂಧಾರಿ’ ಎಂದು ಬದಲಾಗಿ ಅಚ್ಚಾಯಿತು. ಹಾಡಿನ ಉದ್ದವನ್ನು ತಟ್ಟೆ ನಿರ್ಧರಿಸಿತು, ಹಾಡುವವರ ಹೆಸರನ್ನು ಮಾರಾಟ ನಿರ್ಧರಿಸಿತು. ಆದರೂ ಆ ಮೂರು ನಿಮಿಷಗಳಲ್ಲಿ ಅವರು ರಾಗದ ಮುಖವನ್ನು ತೋರಿಸಿದರು. ಏಕೆಂದರೆ ಏನನ್ನು ಬಿಡುತ್ತಿದ್ದೇವೆಂದು ಅವರಿಗೆ ಗೊತ್ತಿತ್ತು. ಬಿಟ್ಟದ್ದನ್ನು ಬಲ್ಲವರ ಸಂಕ್ಷೇಪ ಅದು.

ನಮ್ಮ ಕ್ಯಾಮರಗಳ ಕಥೆ ಇದಕ್ಕಿಂತ ವಿಚಿತ್ರವಾಗಿದೆ. ಚಲನಚಿತ್ರ ಹಿಡಿಯಲು ಬಿಟ್ಟರೆ ಇಂಥ ಎಷ್ಟೋ ಕ್ಯಾಮರಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಂತುಬಿಡುತ್ತವೆ. ಇದರ ಮುಖ್ಯ ಕಾರಣ ಯೂರೋಪಿನ ಸುಂಕದ ಕಟ್ಟಳೆ. ಅರ್ಧ ಗಂಟೆಯನ್ನು ಎಡೆಬಿಡದೆ ಹಿಡಿಯಬಲ್ಲ ಯಂತ್ರವನ್ನು ವಿಡಿಯೊ ಕ್ಯಾಮರ ಎಂದು ಎಣಿಸಿ ಐರೋಪ್ಯ ಒಕ್ಕೂಟದಲ್ಲಿ ಬೇರೆ ಸುಂಕ ಹಾಕುತ್ತಿದ್ದರು. ಸುಂಕ ತಪ್ಪಿಸಲು ತಯಾರಕರು ಒಂದು ಸೆಕೆಂಡು ಮುಂಚೆ ನಿಲ್ಲಿಸುವಂತೆ ಮಾಡಿದರು. ಈಚಿನ ಯಂತ್ರಗಳಲ್ಲಿ ಈ ಕಟ್ಟು ಸಡಿಲವಾಗಿದೆ. ಆದರೆ ಬೀರುವಿನ ಯಂತ್ರಕ್ಕೆ ಆ ಸುದ್ದಿ ಮುಟ್ಟುವುದು ಹೇಗೆ? ಹಡಗಲಿಯ ಕಡೆಯ ಒಂದು ಹಳ್ಳಿಯಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟ ಕಟ್ಟುತ್ತಾರೆ. ರಾತ್ರಿ ಊಟವಾದ ಮೇಲೆ ಶುರುವಾಗಿ ಬೆಳಗಿನ ಜಾವದ ತನಕ ನಡೆಯುವ ದೊಡ್ಡಾಟ. ಭಾಗವತರು ಪದ ಎತ್ತಿಕೊಂಡಿದ್ದಾರೆ, ರಾಕ್ಷಸ ಪಾತ್ರ ಪರದೆಯ ಹಿಂದೆ ಅಬ್ಬರಿಸುತ್ತಿದೆ; ಕ್ಯಾಮರ ಕಣ್ಣು ಮುಚ್ಚಿಕೊಂಡಿತು. ಬ್ರಸೆಲ್ಸಿನ ಸುಂಕದ ಕಟ್ಟೆ ಹಡಗಲಿಯ ರಂಗದ ಮೇಲೆ ಬಂದು ಕುಳಿತಿತು! ಅಮೆರಿಕದಿಂದ ಯಾರೋ ತಂದುಕೊಟ್ಟ ಕ್ಯಾಮರವಾದರೆ ಇನ್ನೊಂದು ಪೀಡೆ. ಅಲ್ಲಿಯ ವಿದ್ಯುತ್ತು ಸೆಕೆಂಡಿಗೆ 60 ಆವರ್ತದ್ದು, ನಮ್ಮದು 50ರದ್ದು. ಸೆಟ್ಟಿಂಗನ್ನು ಬದಲಾಯಿಸದೆ ಟ್ಯೂಬ್‌ಲೈಟಿನ ಕೆಳಗೆ ಆಟವನ್ನು ಹಿಡಿದರೆ ಪಾತ್ರಧಾರಿಗಳ ಮುಖದ ಮೇಲೆ ಬೆಳಕಿನ ಪಟ್ಟೆಗಳು ಹರಿದಾಡುತ್ತವೆ. ಮೆನುವಿನಲ್ಲಿ ಒಂದು ಸಾಲನ್ನು ಬದಲಿಸಿದರೆ ಸಾಕು; ಆದರೆ ಆ ಸಾಲು ಅಲ್ಲಿದೆಯೆಂದು ತಿಳಿದಿರಬೇಕು.

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಬರಬಹುದು. ಮನುಷ್ಯನ ನೆನಪು ಮಾತ್ರ ಎಲ್ಲವನ್ನೂ ಇಟ್ಟುಕೊಳ್ಳುತ್ತದೆಯೆ? ಅದೂ ಹಿಂಡುತ್ತದೆ, ಬಣ್ಣ ಬದಲಿಸುತ್ತದೆ, ತನಗೆ ಬೇಡವಾದದ್ದನ್ನು ಬಿಡುತ್ತದೆ. ರಾತ್ರಿಯೆಲ್ಲ ಹಾಡುವ ಕಾವ್ಯವನ್ನು ಹಾಡುಗಾರ ಒಂದೇ ಗಂಟೆಗೆ ಇಳಿಸುವುದಿಲ್ಲವೆ? ಅವನಿಗೆ ಇಲ್ಲದ ದೋಷ ಯಂತ್ರಕ್ಕೆ ಏಕೆ?

ಮಾತು ನಿಜ. ಬಿಡುವುದು ದೋಷವಾದರೆ ಲೋಕದಲ್ಲಿ ನಿರ್ದೋಷಿಗಳು ಯಾರೂ ಇರಲಾರರು. ಆದರೆ ಹಾಡುಗಾರ ಬಿಟ್ಟಾಗ ಏನಾಗುತ್ತದೆ ನೋಡಿ. ಕಟ್ಟೆಯ ಮೇಲೆ ಕುಳಿತ ಮುದುಕನೊಬ್ಬ ‘ಯಾಕಪ್ಪಾ, ಆ ಕುದುರಿ ಸಂದ ಬಿಟ್ಟಿ?’ ಎಂದು ಕೇಳುತ್ತಾನೆ. ಹಾಡುಗಾರ ‘ಹೊತ್ತಾತು ತಾತ, ನಾಳಿಗೆ ಹಾಡ್ತೀನಿ’ ಎನ್ನುತ್ತಾನೆ. ಬಿಟ್ಟದ್ದು ಅವನ ಬಾಯಲ್ಲಿ ಇಲ್ಲದಿದ್ದರೂ ಅವನ ಹೊಟ್ಟೆಯಲ್ಲಿದೆ, ಕೇಳುವವರ ನೆನಪಿನಲ್ಲಿದೆ, ನಾಳೆ ಮರಳಿ ಬರುತ್ತದೆ. ಅವನ ಬಿಡುವಿಕೆಗೆ ಕಾರಣವುಂಟು, ಆ ಕಾರಣವನ್ನು ಕೇಳುವವರುಂಟು, ಹೇಳುವ ಬಾಯುಂಟು. ಯಂತ್ರ ಬಿಟ್ಟದ್ದಕ್ಕೆ ಈ ಮೂರೂ ಇಲ್ಲ. ತಾನು ಬಿಟ್ಟೆನೆಂಬುದು ಅದಕ್ಕೆ ಗೊತ್ತಿಲ್ಲ, ಒತ್ತಿದವನಿಗೂ ಗೊತ್ತಿಲ್ಲ, ಮೂವತ್ತು ವರ್ಷದ ಮೇಲೆ ನೋಡುವವನಿಗಂತೂ ಗೊತ್ತಾಗುವ ದಾರಿಯೇ ಇಲ್ಲ. ಕಂಬಳಿ ಬೂದಿ ಬಣ್ಣದ್ದೆಂದೂ ಮೌನದಲ್ಲಿ ಹಾವು ಬುಸುಗುಟ್ಟುತ್ತಿತ್ತೆಂದೂ ಅವನು ನಂಬುತ್ತಾನೆ. ನಷ್ಟಕ್ಕಿಂತ ನಷ್ಟದ ಅರಿವಿಲ್ಲದಿರುವುದು ದೊಡ್ಡ ನಷ್ಟ. ನನ್ನ ಮಾತೆಲ್ಲ ಇಷ್ಟೇ.

‘ಆಟೋ’ ಎಂಬುದನ್ನು ತೆಗೆದುಹಾಕಿಬಿಡಬೇಕೆಂದು ಇದರ ಅರ್ಥವಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರು ಬಸವೇಶ್ವರನ ತೇರು ಎಳೆಯುವಾಗ ಉರುಳಿಬಿದ್ದದ್ದು ವಾಚಕರಿಗೆ ನೆನಪಿರಬಹುದು. ಆ ಕ್ಷಣ ಜನರ ಕೈಯ ಯಂತ್ರಗಳಲ್ಲಿ ಉಳಿದದ್ದು, ಆ ಯಂತ್ರಗಳು ತಾವಾಗಿ ಸಿದ್ಧವಾಗಿದ್ದರಿಂದ. ಅಂಥ ಹೊತ್ತಿನಲ್ಲಿ ಮೆನು ತೆರೆದು ಬೆಳಕಿನ ಬಣ್ಣ ಯಾವುದೆಂದು ಯೋಚಿಸುತ್ತ ನಿಂತವನಿಗೆ ಏನೂ ಸಿಕ್ಕುತ್ತಿರಲಿಲ್ಲ, ನಿಲ್ಲುವುದೂ ಮನುಷ್ಯತ್ವವಲ್ಲ. ಅನಿರೀಕ್ಷಿತವಾದದ್ದಕ್ಕೆ ‘ಆಟೋ’ ಒಂದು ಉಪಕಾರ. ಆದರೆ ವರ್ಷಕ್ಕೊಮ್ಮೆ ತಿಥಿ ಹಿಡಿದು ಬರುವ ಕಾರಣಿಕ ಅನಿರೀಕ್ಷಿತವೆ? ಮೂರು ತಿಂಗಳು ಅಭ್ಯಾಸ ಮಾಡಿ ಆಡುವ ಬಯಲಾಟ ಅನಿರೀಕ್ಷಿತವೆ? ಬರುವುದನ್ನು ಬಲ್ಲವನು ಸಿದ್ಧನಾಗಿ ಹೋಗುವುದು ಮರ್ಯಾದೆ. ಅತಿಥಿ ಬರುವ ದಿನ ಗೊತ್ತಿದ್ದೂ ಬಾಗಿಲು ತೊಳೆಯದ ಮನೆಗೆ ನಮ್ಮ ಕಡೆ ಏನೆನ್ನುತ್ತಾರೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಹಾಗಾದರೆ ಎಲ್ಲವನ್ನೂ ‘ಅತ್ಯುತ್ತಮ’ಕ್ಕೆ ಏರಿಸಿಬಿಟ್ಟರೆ ಹೊಣೆ ತೀರಿತೆ? ಅದೂ ಇಲ್ಲ. ಅತ್ಯುತ್ತಮದಲ್ಲಿಯೂ ಉಳಿಯುವುದು ಐವತ್ತರಲ್ಲಿ ಒಂದೆಂಬುದನ್ನು ಆಗಲೇ ನೋಡಿದೆವು. ಮೇಲಾಗಿ ಕಾರ್ಡಿಗೂ ಒಂದು ಹೊಟ್ಟೆಯಿದೆ. 16 ಗಿಗಾಬೈಟಿನ ಕಾರ್ಡು ಸೆಕೆಂಡಿಗೆ 24 ಮೆಗಾಬಿಟ್ಟಿನ ಲೆಕ್ಕದಲ್ಲಿ ಸುಮಾರು ಒಂದೂವರೆ ಗಂಟೆಗೆ ತುಂಬಿಹೋಗುತ್ತದೆ. 6 ಮೆಗಾಬಿಟ್ಟಿನ ಲೆಕ್ಕದಲ್ಲಿ ಆರು ಗಂಟೆಯ ಹತ್ತಿರ ಬರುತ್ತದೆ. ಬಯಲಾಟವನ್ನು ಅತ್ಯುತ್ತಮದಲ್ಲಿ ಹಿಡಿಯಹೊರಟವನ ಬಳಿ ಗಣಪತಿಯ ಸ್ತುತಿ ಕಣ್ಣಿಗೆ ಕಟ್ಟುವಂತೆ ಇರುತ್ತದೆ, ಬೆಳಗಿನ ಜಾವದ ಸಂಹಾರ ಇರುವುದಿಲ್ಲ. ರಾತ್ರಿಯೆಲ್ಲ ಬಣ್ಣ ಹಚ್ಚಿಕೊಂಡು ಕಾದು ಕೊನೆಯಲ್ಲಿ ಬರುವ ಪಾತ್ರಧಾರಿಗೆ ಇದು ಅನ್ಯಾಯ. ಆಗ ಗುಣಮಟ್ಟವನ್ನು ತಗ್ಗಿಸಿ ರಾತ್ರಿಯನ್ನು ಪೂರ್ತಿ ಹಿಡಿಯುವುದೇ ನ್ಯಾಯವಾದೀತು. ಕಾರಣಿಕಕ್ಕಾದರೆ ಕೆಲವೇ ನಿಮಿಷ ಸಾಕು. ಅಲ್ಲಿ ಜಿಪುಣತನ ಸಲ್ಲದು. ಮುದುಕಿಯೊಬ್ಬಳು ಸೋಬಾನೆ ಹಾಡುವಾಗ ಚಿತ್ರದ ಚುಕ್ಕೆಗಳಿಗಿಂತ ಧ್ವನಿಯ ಮಾದರಿಗಳು ಮುಖ್ಯ. ಮುಂದೆ ಇರುವುದು ಏನು, ಅದರಲ್ಲಿ ಜೀವ ಎಲ್ಲಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಆಮೇಲೆ ಮೆನುವಿಗೆ ಕೈಹಾಕಬೇಕು. ಹೀಗೆ ನೋಡಿದರೆ ಸೆಟ್ಟಿಂಗನ್ನು ಸರಿಪಡಿಸುವುದು ಯಂತ್ರದ ಜ್ಞಾನವೆನ್ನುವುದಕ್ಕಿಂತ ಎದುರಿನವರ ಮೇಲಿನ ಗಮನವೆಂದೇ ಹೇಳಬೇಕು.

ಆ ಗಮನ ಇದ್ದರೆ ಇನ್ನೊಂದು ಸೆಟ್ಟಿಂಗೂ ಕಾಣುತ್ತದೆ. ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಹುಡುಗರು ಹಾಡು ಕೇಳಲು ಹೋಗಿದ್ದರು. ಹಾಡುವಾಕೆ ಬೀಸುವ ಪದ, ಕುಟ್ಟುವ ಪದ, ಮದುವೆಯ ಪದಗಳನ್ನು ನಗುನಗುತ್ತ ಹಾಡಿದಳು. ಕೊನೆಗೆ ಸತ್ತವರ ಮುಂದೆ ಹಾಡುವ ಹಾಡಿನ ಮಾತು ಬಂತು. ‘ಹೇಳ್ತೀನಿ, ಕೇಳ್ರಿ. ತುಂಬ್ಕಾಬ್ಯಾಡ್ರಿ. ಸಾವಿಲ್ಲದ ಮನ್ಯಾಗ ಈ ಪದ ಇರಬಾರದು’ ಎಂದಳು. ಹುಡುಗರು ಯಂತ್ರವನ್ನು ಆರಿಸಿ ಕೆಳಗಿಟ್ಟು ಕೇಳಿದರು. ವಿದ್ವಾಂಸರ ದೃಷ್ಟಿಯಿಂದ ಅದು ನಷ್ಟವೆಂದು ಹೇಳುವವರಿರಬಹುದು. ನನಗೆ ಹಾಗೆ ತೋರುವುದಿಲ್ಲ. ಅಂದು ಬಿಟ್ಟದ್ದನ್ನು ಬಿಟ್ಟವರು ಬಲ್ಲರು, ಏಕೆ ಬಿಟ್ಟೆವೆಂಬುದನ್ನೂ ಬಲ್ಲರು. ಅವರ ಟಿಪ್ಪಣಿ ಪುಸ್ತಕದಲ್ಲಿ ‘ಹಾಡಿದರು, ಮುದ್ರಿಸಬಾರದೆಂದರು’ ಎಂಬ ಒಂದು ಸಾಲಿದೆ. ಆ ಸಾಲು ನಾಳೆ ಓದುವವನಿಗೆ ಒಂದು ಹಾಡಿಗಿಂತ ಕಡಿಮೆಯನ್ನೇನೂ ಹೇಳುವುದಿಲ್ಲ. ‘ನಿಲ್ಲಿಸು’ ಎಂಬ ಗುಂಡಿಯೂ ಮೆನುವಿನ ಒಂದು ಭಾಗವೇ.

ಬರೆದಿಡುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿಯೂ ಕೋಗಳಿಯಲ್ಲಿಯೂ ಸಾವಿರ ವರ್ಷದ ಹಿಂದಿನವರು ಕಲ್ಲಿನ ಮೇಲೆ ಬರೆದಿಟ್ಟದ್ದು ಇಂದಿಗೂ ಇದೆ. ಕಲ್ಲಿಗೂ ಅಳತೆಯಿತ್ತು. ಆಳುವ ಅರಸ, ದಾನ ಕೊಟ್ಟವನು, ಭೂಮಿಯ ಎಲ್ಲೆ, ಅಳುಪಿದವನಿಗೆ ಬರುವ ಪಾಪ, ಇಷ್ಟಕ್ಕೆ ಕಲ್ಲು ಮುಗಿಯುತ್ತಿತ್ತು. ಆ ಭೂಮಿಯನ್ನು ಉತ್ತವನಾರೆಂಬುದಕ್ಕೆ ಜಾಗ ಸಾಲುತ್ತಿರಲಿಲ್ಲ. ಅವರೂ ಬಿಟ್ಟರು. ಆದರೆ ಕನ್ನಡ ನಾಡಿನ ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರೂ ಕಂಡರಿಸಿದವನ ಹೆಸರೂ ಇರುತ್ತವೆ. ‘ಇದನ್ನು ಹೀಗೆ ಮಾಡಿದವನು ನಾನು, ಕೇಳುವುದಿದ್ದರೆ ನನ್ನನ್ನು ಕೇಳು’ ಎಂದು ಹೇಳಿದ ಹಾಗೆ. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಾಫೋನಿಗೆ ಹಾಡಿದ ಗೌಹರ್ ಜಾನಳು ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ದೂರದ ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಹಾಡಿದವರಾರೆಂದು ತಿಳಿಯಲೆಂಬುದು ಅದರ ಉದ್ದೇಶ. ವ್ಯಾಪಾರದ ಅನುಕೂಲಕ್ಕಾಗಿ ಆದದ್ದು ಚರಿತ್ರೆಗೆ ಉಪಕಾರವಾಯಿತು.

ಇಂದು ಜಾತ್ರೆಯಿಂದ ಬರುವ ಲಕ್ಷಾಂತರ ಚಿತ್ರಗಳಿಗೆ ಹೀಗೆ ಹೆಸರು ಹಾಕುವವರಿಲ್ಲ. ಯಂತ್ರದ ಗಡಿಯಾರವನ್ನೂ ಸರಿಪಡಿಸದೆ, ಈ ವರ್ಷದ ತೇರಿನ ಮೇಲೆ ಹದಿನೈದು ವರ್ಷದ ಹಿಂದಿನ ಜನವರಿ ಒಂದರ ತಾರೀಕು ಅಚ್ಚಾಗಿರುವುದೂ ಉಂಟು. ಹಿಡಿದವನು ಯಾರು, ಎಲ್ಲಿ ನಿಂತಿದ್ದನು, ಧ್ವನಿಯನ್ನು ತಾನಾಗಿ ಬಿಟ್ಟಿದ್ದನೆ, ಎಲ್ಲಿ ನಿಲ್ಲಿಸಿದನು, ಏನನ್ನು ಹಿಡಿಯಬೇಡವೆಂದು ಯಾರು ಕೇಳಿಕೊಂಡರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಇಡಲು ಐದು ನಿಮಿಷ ಸಾಕು. ನಮ್ಮ ಹುಡುಗರಿಗೆ ನಾನು ಕೇಳುವುದು ಇದೊಂದನ್ನೇ. ಒಳ್ಳೆಯ ಕ್ಯಾಮರ ಕೊಡಿಸುವುದು ಕಾಲೇಜಿನ ಕೈಯಲ್ಲಿದೆಯೋ ಇಲ್ಲವೋ, ಈ ಚೀಟಿ ನಮ್ಮ ಕೈಯಲ್ಲಿದೆ.

ಇಂದಿನ ಹುಡುಗರು ಮುಂದೆ ಮುದುಕರಾದಾಗ ಈ ಸೀಮೆಯ ಬಗೆಗೆ ತಿಳಿಯಬಯಸುವವರು ಇವೇ ಚಿತ್ರಗಳನ್ನು ನೋಡುತ್ತಾರೆ. ಗೊರವಯ್ಯನ ಕಂಬಳಿ ಎಷ್ಟು ಕಪ್ಪಗಿತ್ತು, ಜನ ಮೌನವಾದಾಗ ಎಷ್ಟು ಮೌನವಾಗುತ್ತಿದ್ದರು ಎಂದು ಕೇಳುತ್ತಾರೆ. ಎಲ್ಲವನ್ನೂ ಅವರಿಗೆ ದಾಟಿಸುವುದು ಯಾರಿಂದಲೂ ಆಗದು. ನಮ್ಮ ಪಾಲಿಗೆ ಬಂದ ಐವತ್ತರಲ್ಲಿ ಒಂದನ್ನು ಕೊಡುವಾಗ ಉಳಿದ ನಲವತ್ತೊಂಬತ್ತು ಇತ್ತೆಂದು ಹೇಳಿ ಕೊಡೋಣ. ಅಷ್ಟನ್ನು ಹೇಳಿದರೆ ಕೊಟ್ಟದ್ದರ ಮೇಲೆ ಅವರಿಗೆ ನಂಬಿಕೆ ಬರುತ್ತದೆ. ಬಿಟ್ಟದ್ದನ್ನು ಅವರು ಬೇರೆಡೆ ಹುಡುಕಿಕೊಂಡಾರು.